ಬಾಗಿಲ ಮೂಲೆಯ ಬಿರುಕು ಮತ್ತು ಓರೆ ಕೊಯ್ತದ ಲೆಕ್ಕ

ಹೊಸ ಮನೆಯ ಗೃಹಪ್ರವೇಶಕ್ಕೆ ದಿನ ಗೊತ್ತಾದ ಮೇಲೆ ಮನೆಯೊಡೆಯರ ಕಣ್ಣಿಗೆ ಬೀಳುವ ದೋಷಗಳಲ್ಲಿ ಬಾಗಿಲ ಮೂಲೆಯ ಬಿರುಕೂ ಒಂದು. ಬಾಗಿಲುವಾಡದ ಸುತ್ತ ಹೊಡೆದ ತೇಗದ ಅಂಚುಪಟ್ಟಿಗಳು ಮೇಲ್ಮೂಲೆಯಲ್ಲಿ ಓರೆಯಾಗಿ ಸಂಧಿಸುವ ಕಡೆ ಒಂದು ಕಪ್ಪು ಗೆರೆ ಕಾಣಿಸಿಕೊಳ್ಳುತ್ತದೆ. ಒಂದು ತುದಿಯಲ್ಲಿ ಕೂದಲೆಳೆಯಷ್ಟಿರುವ ಗೆರೆ ಇನ್ನೊಂದು ತುದಿಯಲ್ಲಿ ಬೆಂಕಿಕಡ್ಡಿ ತೂರುವಷ್ಟು ಅಗಲವಾಗಿರುತ್ತದೆ. ಬಡಗಿ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ಅಲ್ಲಿ ತುಂಬುತ್ತಾನೆ. ಪಾಲಿಷ್ ಬಿದ್ದ ಮೇಲೆ ಗೊತ್ತಾಗುವುದಿಲ್ಲ ಎನ್ನುತ್ತಾನೆ. ಗೊತ್ತಾಗುತ್ತದೆ.

ಈ ಬಿರುಕಿಗೆ ಸಾಮಾನ್ಯವಾಗಿ ಬಡಗಿಯ ಕೈಯನ್ನು ದೂರಲಾಗುತ್ತದೆ. ಆದರೆ ಕೈಯಲ್ಲಿ ಹಿಡಿದು ನಡೆಸುವ ವಿದ್ಯುತ್ ಚಕ್ರಗರಗಸದಿಂದ ಓರೆಯಾಗಿ ಕೊಯ್ಯುವಾಗ ಕೈಚಳಕದ ಪಾಲು ಕಡಿಮೆ, ಗುಂಡಿ ಒತ್ತುವ ಮೊದಲು ಮಾಡಿಕೊಳ್ಳುವ ಅಳತೆಯ ಪಾಲು ಹೆಚ್ಚು. ಮೂಲೆ ಕೂಡುತ್ತದೆಯೋ ಇಲ್ಲವೋ ಎಂಬುದು ಮಾತ್ರವಲ್ಲ, ಕೊಯ್ಯುವವನ ಬೆರಳು ಉಳಿಯುತ್ತದೆಯೋ ಇಲ್ಲವೋ ಎಂಬುದೂ ಬಹುಮಟ್ಟಿಗೆ ಆ ಹೊತ್ತಿನಲ್ಲೇ ತೀರ್ಮಾನವಾಗಿರುತ್ತದೆ.

ಕಬ್ಬಿನ ಗದ್ದೆಯಿಂದ ಬಂದ ಯಂತ್ರ

ಹಲ್ಲುಗಳುಳ್ಳ ತಟ್ಟೆಯನ್ನು ತಿರುಗಿಸಿ ಮರ ಕೊಯ್ಯುವ ಉಪಾಯ ಹಳೆಯದು. ಇಂಗ್ಲೆಂಡಿನ ಸೌತಾಂಪ್ಟನ್‌ನ ಸ್ಯಾಮ್ಯುಯೆಲ್ ಮಿಲ್ಲರ್ 1777ರಲ್ಲಿ ಪಡೆದ ಪೇಟೆಂಟ್‌ನಲ್ಲಿಯೇ ವೃತ್ತಾಕಾರದ ಗರಗಸದ ಪ್ರಸ್ತಾಪವಿದೆ. ಆದರೆ ಅವೆಲ್ಲ ಒಂದೆಡೆ ನೆಟ್ಟ ಯಂತ್ರಗಳು. ಮರವೇ ಗರಗಸದ ಬಳಿಗೆ ಹೋಗಬೇಕಿತ್ತು. ಗರಗಸವೇ ಮರದ ಬಳಿಗೆ ಬರುವಂತೆ ಮಾಡಿದವರು ಅಮೆರಿಕದ ಎಡ್ಮಂಡ್ ಮಿಶೆಲ್. ಲೂಸಿಯಾನಾದ ಕಬ್ಬಿನ ಗದ್ದೆಗಳಲ್ಲಿ ಕೂಲಿಯಾಳುಗಳು ಮಚ್ಚಿನಿಂದ ಕಬ್ಬು ಕಡಿಯುವ ಶ್ರಮವನ್ನು ಕಂಡ ಅವರು 1920ರ ದಶಕದ ಆರಂಭದಲ್ಲಿ ಮಚ್ಚಿನ ಹಿಡಿಗೆ ಮೋಟಾರನ್ನೂ ಪುಟ್ಟ ಗರಗಸದ ತಟ್ಟೆಯನ್ನೂ ಜೋಡಿಸಿದರು. ಜೋಸೆಫ್ ಸುಲಿವಾನ್ ಎಂಬುವರೊಡನೆ ಸೇರಿ 1924ರಲ್ಲಿ ಕಂಪೆನಿ ಸ್ಥಾಪಿಸಿದರು. ಕಬ್ಬಿಗೆಂದು ಹುಟ್ಟಿದ ಉಪಕರಣ ಬಡಗಿಗಳ ಪಾಲಾಯಿತು. 'ಸ್ಕಿಲ್ ಸಾ' ಎಂಬ ಅದರ ವ್ಯಾಪಾರನಾಮ ಅಮೆರಿಕದಲ್ಲಿ ಈ ಬಗೆಯ ಗರಗಸಕ್ಕೇ ರೂಢನಾಮವಾಯಿತು.

ಇಂದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಕಟ್ಟಡಗಳಲ್ಲಿ ಕಾಣುವ ಯಂತ್ರದ ರಚನೆಯೂ ಮೂಲತಃ ಅದೇ. ಒಂದು ಬದಿಯಲ್ಲಿ ಮೋಟಾರು, ಇನ್ನೊಂದು ಬದಿಯಲ್ಲಿ ಅಲಗು, ಕೆಳಗೆ ಹಲಗೆಯ ಮೇಲೆ ಜಾರುವ ಲೋಹದ ಪಾದ. ಅಲಗಿನ ಮೇಲರ್ಧಕ್ಕೆ ಸ್ಥಿರವಾದ ಕವಚ, ಕೆಳಗಿನರ್ಧಕ್ಕೆ ಸ್ಪ್ರಿಂಗಿನ ಬಲದಿಂದ ತಾನೇ ಮುಚ್ಚಿಕೊಳ್ಳುವ ಕವಚ. ಸಾಮಾನ್ಯ ಅಳತೆಯ ಅಲಗಿನ ವ್ಯಾಸ 184 ಮಿ.ಮೀ., ಅಂದರೆ ಏಳೂಕಾಲು ಅಂಗುಲ. ಅದು ನಿಮಿಷಕ್ಕೆ 5,500 ಸುತ್ತು ತಿರುಗಿದರೆ ಅಂಚಿನ ಹಲ್ಲು ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಚಲಿಸುತ್ತಿರುತ್ತದೆ. 24 ಹಲ್ಲಿನ ಅಲಗಾದರೆ ಸೆಕೆಂಡಿಗೆ 2,200 ಹಲ್ಲುಗಳು ಮರವನ್ನು ಕಚ್ಚಿ ಹೋಗುತ್ತವೆ. ನೇರವಾಗಿ ಕೊಯ್ಯುವಾಗ ಈ ಯಂತ್ರ ವಿಧೇಯ. ಓರೆಯಾಗಿ ಕೊಯ್ಯಹೊರಟಾಗ ಅದರ ಸ್ವಭಾವ ಬದಲಾಗುತ್ತದೆ.

ಓರೆಯಲ್ಲಿ ಎರಡು ಬಗೆ

'ನಲವತ್ತೈದಕ್ಕೆ ಕೊಯ್ಯಿ' ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ಮೊದಲನೆಯದರಲ್ಲಿ ಅಲಗು ನೆಟ್ಟಗೇ ನಿಂತಿರುತ್ತದೆ, ಕೊಯ್ಯುವ ಗೆರೆ ಮಾತ್ರ ಹಲಗೆಯ ಅಂಚಿಗೆ ಓರೆಯಾಗಿರುತ್ತದೆ. ಚಿತ್ರಪಟದ ಚೌಕಟ್ಟು, ಬಾಗಿಲ ಅಂಚುಪಟ್ಟಿಗಳ ಮೂಲೆಗಳು ಈ ಬಗೆಯವು. ಬಡಗಿಗಳ ಬಾಯಲ್ಲಿ ಇದು 'ಮೈಟರ್'. ಎರಡನೆಯದರಲ್ಲಿ ಗೆರೆ ನೇರವಾಗಿಯೇ ಇದ್ದು ಅಲಗು ವಾಲುತ್ತದೆ. ಹಲಗೆಯ ದಪ್ಪ ಓರೆಯಾಗಿ ಕತ್ತರಿಸುತ್ತದೆ. ಗೋಡೆಯ ಮೂಲೆಯಲ್ಲಿ ನೆಲಪಟ್ಟಿಗಳನ್ನು ಕೂಡಿಸಲು, ಕಪಾಟಿನ ಎರಡು ಪ್ಲೈವುಡ್ ಹಲಗೆಗಳನ್ನು ದಪ್ಪದ ಅಂಚು ಕಾಣದಂತೆ ಜೋಡಿಸಲು ಇದು ಬೇಕು. ಇದರ ಹೆಸರು 'ಬೆವೆಲ್'. ಮೈಟರ್‌ಗೆ ಯಂತ್ರದಲ್ಲಿ ಏನನ್ನೂ ಬದಲಿಸಬೇಕಿಲ್ಲ, ಯಂತ್ರ ಸಾಗುವ ದಾರಿಯನ್ನು ಬದಲಿಸಿದರೆ ಸಾಕು. ಬೆವೆಲ್‌ಗೆ ಯಂತ್ರವನ್ನೇ ವಾಲಿಸಬೇಕು. ತೊಡಕುಗಳ ಬಹುಪಾಲು ಈ ಎರಡನೆಯದರಲ್ಲಿದೆ.

ಎರಡೂ ಒಟ್ಟಿಗೆ ಬರುವ ಸಂದರ್ಭಗಳೂ ಉಂಟು. ಮಂಗಳೂರು ಹೆಂಚಿನ ನಾಲ್ಕು ಇಳಿಜಾರಿನ ಛಾವಣಿ ಅದಕ್ಕೆ ಒಳ್ಳೆಯ ಉದಾಹರಣೆ. ಎರಡು ಇಳಿಜಾರುಗಳು ಕೂಡುವೆಡೆ ಮೂಲೆಯಿಂದ ನೆತ್ತಿಗೆ ಏರುವ ದೊಡ್ಡ ತೊಲೆಯೊಂದಿರುತ್ತದೆ. ಅದಕ್ಕೆ ಬಂದು ತಾಗುವ ಗಿಡ್ಡ ಪಕಾಸಿಗಳ ತಲೆಯನ್ನು ಛಾವಣಿಯ ಇಳಿಜಾರಿಗೆ ಸರಿಯಾಗಿ ಒಂದು ಓರೆ, ತೊಲೆಯ ಮೈಗೆ ಸರಿಯಾಗಿ ಇನ್ನೊಂದು ಓರೆ, ಹೀಗೆ ಎರಡು ಓರೆಗಳಲ್ಲಿ ಕೊಯ್ಯಬೇಕು. ಕೈಗರಗಸದಲ್ಲಿ ಇದು ಅನುಭವಿ ಬಡಗಿಗೂ ಕಠಿಣವಾದ ಕೆಲಸ. ಚಕ್ರಗರಗಸದಲ್ಲಿ ಅಚ್ಚರಿಯೆನಿಸುವಷ್ಟು ಸರಳ. ಪಕಾಸಿಯ ಮಗ್ಗುಲ ಮೇಲೆ, ಛಾವಣಿ ಏರಿದ ಮೇಲೆ ಲಂಬವಾಗಿ ನಿಲ್ಲುವ ಗೆರೆಯನ್ನು ಎಳೆಯಬೇಕು. ಇಳಿಜಾರು 30 ಡಿಗ್ರಿಯಾದರೆ ಆ ಗೆರೆ ಪಕಾಸಿಯ ಅಂಚಿಗೆ 60 ಡಿಗ್ರಿಯಲ್ಲಿರುತ್ತದೆ. ಅಲಗನ್ನು 45 ಡಿಗ್ರಿಗೆ ವಾಲಿಸಿ ಆ ಗೆರೆಯ ಮೇಲೆ ಒಂದು ಸಲ ಸಾಗಿದರೆ ಎರಡೂ ಓರೆಗಳು ಒಮ್ಮೆಗೇ ಸಿದ್ಧ. ಮನೆಯ ಮೂಲೆಗಳು ಚಚ್ಚೌಕವಾಗಿದ್ದು, ಇಳಿಜಾರುಗಳೆಲ್ಲ ಸಮನಾಗಿದ್ದರೆ ಇಳಿಜಾರು ಎಷ್ಟೇ ಇರಲಿ, ವಾಲಿಕೆ 45 ಡಿಗ್ರಿಯೇ. ಬದಲಾಗುವುದು ಗೆರೆ ಮಾತ್ರ.

ಮಾಪಕ ಹೇಳುವುದು ಒಂದು, ಕೋನಮಾಪಕ ಹೇಳುವುದು ಇನ್ನೊಂದು

ಗರಗಸದ ಪಾದದ ಮೇಲಿರುವ ಮಾಪಕದಲ್ಲಿ ಸೊನ್ನೆ ಎಂದರೆ ಅಲಗು ಪಾದಕ್ಕೆ ಲಂಬವಾಗಿದೆ ಎಂದರ್ಥ. ಶಾಲೆಯ ಕೋನಮಾಪಕದಲ್ಲಿ ಇದೇ ಸ್ಥಿತಿ 90 ಡಿಗ್ರಿ. ಹೀಗಾಗಿ ಯಂತ್ರದ 30 ಎಂಬುದು ಹಲಗೆಯ ಮುಖದಿಂದ ಅಳೆದರೆ 60. ಅಲಗು 45ರಲ್ಲಿದ್ದಾಗ ಮಾತ್ರ ಎರಡೂ ಸಂಖ್ಯೆಗಳು ಒಂದೇ. ನಲವತ್ತೈದರಲ್ಲೇ ಕೆಲಸ ಮಾಡಿ ರೂಢಿಯಾದವರು ಬೇರೆ ಕೋನಕ್ಕೆ ಹೋದಾಗ ಎಡವುವುದು ಇದೇ ಕಾರಣಕ್ಕೆ.

ಸಮಬಾಹುಗಳ ಪೆಟ್ಟಿಗೆ ಅಥವಾ ಹೂಕುಂಡದ ಚೌಕಟ್ಟಿಗೆ ಲೆಕ್ಕ ಸುಲಭ. 180ನ್ನು ಬಾಹುಗಳ ಸಂಖ್ಯೆಯಿಂದ ಭಾಗಿಸಿದರೆ ಯಂತ್ರದಲ್ಲಿ ಇಡಬೇಕಾದ ಕೋನ ದೊರೆಯುತ್ತದೆ. ನಾಲ್ಕು ಬಾಹುಗಳಿಗೆ 45, ಆರಕ್ಕೆ 30, ಎಂಟಕ್ಕೆ 22.5. ಹಲವು ಯಂತ್ರಗಳಲ್ಲಿ 22.5 ಹಾಗೂ 45ರಲ್ಲಿ ಪ್ರತ್ಯೇಕ ತಡೆ ಇರುವುದರ ಹಿನ್ನೆಲೆ ಇದೇ.

ಗೋಡೆಯ ಮೂಲೆ ಇಷ್ಟು ಸಜ್ಜನಿಕೆಯದಲ್ಲ. ಗಾರೆ ಬಳಿದ ಗೋಡೆಗಳ ನಡುವಿನ ಕೋನ ಸರಿಯಾಗಿ 90 ಇರುವುದು ಅಪರೂಪ. ಒಂದು ಒಳಮೂಲೆ 92 ಡಿಗ್ರಿ ಇದೆ ಎಂದುಕೊಳ್ಳೋಣ. ಅದರ ಅರ್ಧ 46. ಪ್ರತಿಯೊಂದು ಪಟ್ಟಿಯ ಬೆನ್ನಿಗೂ ಕೊಯ್ದ ಮುಖಕ್ಕೂ ನಡುವೆ ಅಷ್ಟು ಕೋನವಿರಬೇಕು. ಯಂತ್ರದ ಮಾಪಕದಲ್ಲಿ ಇಡಬೇಕಾದುದು ಅದರ ಪೂರಕವಾದ 44. ಮೂಲೆ 88 ಇದ್ದರೆ ಯಂತ್ರವನ್ನು 46ಕ್ಕೆ ವಾಲಿಸಬೇಕಾಗುತ್ತದೆ. 45ರಲ್ಲೇ ನಿಲ್ಲುವ ಯಂತ್ರದಿಂದ ಇದು ಅಸಾಧ್ಯ. ಹೊಸ ಮಾದರಿಗಳು 50 ಡಿಗ್ರಿಗೂ ಮೀರಿ ವಾಲುವಂತೆ ತಯಾರಾಗುತ್ತಿರುವುದು ಗೋಡೆಗಳ ಇಂಥ ವಕ್ರತನವನ್ನು ಸಂಭಾಳಿಸುವುದಕ್ಕೆಂದೇ ಹೇಳಬಹುದು. ಅಂಥ ಯಂತ್ರ ಇಲ್ಲದವರು 45ಕ್ಕೆ ಕೊಯ್ದು, ಕೊಯ್ದ ಮುಖವನ್ನು ಕೀಸುಳಿಯಿಂದ ಒಂದಿಷ್ಟು ಹೆರೆದು ಹೊಂದಿಸುತ್ತಾರೆ.

ಅರ್ಧ ಡಿಗ್ರಿಯ ಬೆಲೆ

ಅರ್ಧ ಡಿಗ್ರಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಮೂಲೆಯೊಂದರಲ್ಲಿ ಎರಡು ಕೊಯ್ತಗಳು ಕೂಡುತ್ತವೆ. ಎರಡೂ ಒಂದೇ ದಿಕ್ಕಿಗೆ ಅರ್ಧ ಡಿಗ್ರಿ ತಪ್ಪಿದ್ದರೆ ಮೂಲೆಯಲ್ಲಿ ಒಂದು ಡಿಗ್ರಿಯ ವ್ಯತ್ಯಾಸ. 100 ಮಿ.ಮೀ. ಅಗಲದ ಅಂಚುಪಟ್ಟಿಯನ್ನು 45ಕ್ಕೆ ಕೊಯ್ದಾಗ ಕೊಯ್ತದ ಉದ್ದ 141 ಮಿ.ಮೀ. ಅಷ್ಟು ಉದ್ದಕ್ಕೆ ಒಂದು ಡಿಗ್ರಿ ಎಂದರೆ ತುದಿಯಲ್ಲಿ ಸುಮಾರು ಎರಡೂವರೆ ಮಿ.ಮೀ. ಬಿರುಕು. ಆರಂಭದಲ್ಲಿ ಹೇಳಿದ ಬೆಂಕಿಕಡ್ಡಿಯ ಬಿರುಕು ಇದೇ. ನಾಲ್ಕು ಮೂಲೆಯ ಚೌಕಟ್ಟಿನಲ್ಲಿ ಎಂಟು ಕೊಯ್ತಗಳಿರುತ್ತವೆ. ತಪ್ಪೆಲ್ಲ ಕೂಡಿದರೆ ನಾಲ್ಕು ಡಿಗ್ರಿ. ಮೊದಲ ಮೂರು ಮೂಲೆಗಳನ್ನು ಒತ್ತಿ ಕೂಡಿಸಿದವನಿಗೆ ನಾಲ್ಕನೆಯದರಲ್ಲಿ ಲೆಕ್ಕವೆಲ್ಲ ಒಮ್ಮೆಗೇ ಎದುರಾಗುತ್ತದೆ.

ಯಂತ್ರದ ಪಾದದಲ್ಲಿ ಅಚ್ಚೊತ್ತಿದ ಮಾಪಕವನ್ನು ಇಷ್ಟು ಸೂಕ್ಷ್ಮಕ್ಕೆ ನಂಬುವಂತಿಲ್ಲ. ಒಂದು ಸಲ ಯಂತ್ರ ಕೈಜಾರಿ ನೆಲಕ್ಕೆ ಬಿದ್ದರೆ ಪಾದ ಸೊಟ್ಟಗಾಗಿ ಸೊನ್ನೆಯೇ ಸೊನ್ನೆಯಾಗಿ ಉಳಿಯುವುದಿಲ್ಲ. ಪರೀಕ್ಷೆ ಸುಲಭ. ಬೇಡವಾದ ದಪ್ಪ ಹಲಗೆಯ ತುಂಡನ್ನು ಸೊನ್ನೆಯಲ್ಲಿ ಅಡ್ಡ ಕೊಯ್ದು, ಎರಡರಲ್ಲಿ ಒಂದನ್ನು ಬೋರಲು ಮಗುಚಿ, ಸಮತಟ್ಟಾದ ಮೇಜಿನ ಮೇಲೆ ಕೊಯ್ದ ಮುಖಗಳನ್ನು ಮತ್ತೆ ಕೂಡಿಸಬೇಕು. ನಡುವೆ ಬೆಳಕು ಕಂಡರೆ ಅಲಗು ಲಂಬವಾಗಿಲ್ಲ; ಕಾಣುವ ಬಿರುಕು ನಿಜವಾದ ತಪ್ಪಿನ ಎರಡರಷ್ಟಿರುವುದರಿಂದ ಅಲ್ಪ ದೋಷವೂ ಬಯಲಾಗುತ್ತದೆ. 45 ಡಿಗ್ರಿಗೆ ಎರಡು ತುಂಡುಗಳನ್ನು ಕೊಯ್ದು ಮೂಲೆಯಾಗಿ ಜೋಡಿಸಿ, ಒಳಗೆ ಮೂಲೆಮಟ್ಟವನ್ನಿಟ್ಟು ನೋಡಿದರಾಯಿತು. ಮಾಪಕವನ್ನು ಬದಿಗಿರಿಸಿ, ಮೂಲೆಮಟ್ಟವನ್ನೇ ಅಲಗಿಗೆ ಆನಿಸಿ ಕೋನ ಕಟ್ಟುವವರು ಬುದ್ಧಿವಂತರು. ಆದರೆ ಹಲ್ಲಿನ ತುದಿಗೆ ಆನಿಸಬಾರದು. ಹಲ್ಲುಗಳು ತಟ್ಟೆಗಿಂತ ತುಸು ಅಗಲವಾಗಿರುವುದರಿಂದ ಅಳತೆ ತಪ್ಪುತ್ತದೆ. ಅಲಗಿನ ಬಳಿ ಕೈಯೊಯ್ಯುವ ಇಂಥ ಪ್ರತಿ ಕೆಲಸಕ್ಕೂ ಮುನ್ನ ಪ್ಲಗ್ ಕಿತ್ತಿರಬೇಕು, ಬ್ಯಾಟರಿ ಯಂತ್ರವಾದರೆ ಬ್ಯಾಟರಿ ಹೊರಬಂದಿರಬೇಕು.

ವಾಲಿದಾಗ ಏನೇನು ಬದಲಾಗುತ್ತದೆ

ಮೊದಲನೆಯದಾಗಿ ಆಳ. ನೆಟ್ಟಗಿರುವ ಅಲಗು ಪಾದದ ಕೆಳಗೆ 65 ಮಿ.ಮೀ. ಇಳಿಯುತ್ತದೆ ಎಂದುಕೊಂಡರೆ, 45 ಡಿಗ್ರಿಗೆ ವಾಲಿದಾಗ ಅದರ ಲಂಬವಾದ ಆಳ ಸುಮಾರು 46 ಮಿ.ಮೀ.ಗೆ ಇಳಿಯುತ್ತದೆ. ಇತ್ತ ಕೊಯ್ಯಬೇಕಾದ ಮರ ಹೆಚ್ಚುತ್ತದೆ. 19 ಮಿ.ಮೀ. ದಪ್ಪದ ಹಲಗೆಯನ್ನು 45ರಲ್ಲಿ ಸೀಳುವಾಗ ಅಲಗು ಹಾದುಹೋಗುವುದು 27 ಮಿ.ಮೀ. ಮರದಲ್ಲಿ. ಮೋಟಾರಿನ ಮೇಲೆ ಹೊರೆ ಬೀಳುತ್ತದೆ, ಅಲಗು ಬಿಸಿಯಾಗುತ್ತದೆ, ಮೊಂಡು ಹಲ್ಲಾದರೆ ಮರ ಸುಟ್ಟು ಕಪ್ಪಾಗುತ್ತದೆ. ಆದ್ದರಿಂದ ವಾಲಿಸಿದ ಮೇಲೆ ಆಳವನ್ನು ಮತ್ತೊಮ್ಮೆ ಹೊಂದಿಸಿಕೊಳ್ಳಬೇಕು. ಹಲಗೆಯ ಅಡಿಯಲ್ಲಿ ಒಂದು ಹಲ್ಲಿನ ಎತ್ತರದೊಳಗೆ ಅಲಗು ಇಣುಕಿದರೆ ಸಾಕು. ನೇರ ಕೊಯ್ತಕ್ಕಿಂತ ನಿಧಾನವಾಗಿ ಸಾಗಬೇಕು.

ಎರಡನೆಯದು ಗೆರೆ. ಪಾದದ ಮುಂಭಾಗದಲ್ಲಿ ಸಾಮಾನ್ಯವಾಗಿ ಎರಡು ಕಚ್ಚುಗಳಿರುತ್ತವೆ, ಒಂದು ಸೊನ್ನೆಗೆ, ಮತ್ತೊಂದು 45ಕ್ಕೆ. ನಡುವಿನ ಯಾವ ಕೋನಕ್ಕೂ ಎರಡೂ ಸುಳ್ಳೇ. 30 ಡಿಗ್ರಿಗೆ ವಾಲಿಸಿದಾಗ ಅಲಗು ಪಾದದ ಅಂಚಿನಿಂದ ಎಷ್ಟು ದೂರದಲ್ಲಿ ಮರಕ್ಕೆ ಇಳಿಯುತ್ತದೆ ಎಂಬುದನ್ನು ರದ್ದಿ ಹಲಗೆಯ ಮೇಲೆ ಒಂದು ಅಂಗುಲ ಕೊಯ್ದು ಅಳೆದುಕೊಳ್ಳುವುದೊಂದೇ ದಾರಿ. ಆ ಅಂತರವನ್ನು ಗುರುತುಮಾಡಿಕೊಂಡು, ನೇರವಾದ ಪಟ್ಟಿಯೊಂದನ್ನು ಅಷ್ಟು ದೂರದಲ್ಲಿ ಎರಡೂ ತುದಿಗೆ ಕ್ಲಾಂಪ್ ಹಾಕಿ ಬಿಗಿದು, ಪಾದವನ್ನು ಅದಕ್ಕೆ ಒತ್ತಿಕೊಂಡು ಸಾಗಬೇಕು. ಬರಿಗಣ್ಣಿನಿಂದ ಗೆರೆ ಹಿಡಿದು ಬೆವೆಲ್ ಕೊಯ್ಯುವುದು ನಿಪುಣರಿಗೂ ಹೇಳಿದ ಮಾತಲ್ಲ. ಕಿರಿದಾದ ಪಟ್ಟಿಗಳ ಮೈಟರ್‌ಗೆ ಮಾತ್ರ ತ್ರಿಕೋನಾಕಾರದ ಲೋಹದ ಮಟ್ಟ ಸಾಕು. ಆಲ್ಬರ್ಟ್ ಸ್ವಾನ್ಸನ್ ಎಂಬ ಅಮೆರಿಕದ ಬಡಗಿ 1925ರಲ್ಲಿ ರೂಪಿಸಿದ ಈ ಮಟ್ಟ ಈಗ ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲೂ ದೊರೆಯುತ್ತದೆ. ಅದರ ದಪ್ಪ ಅಂಚನ್ನು ಹಲಗೆಯ ಬದಿಗೆ ಒತ್ತಿ ಹಿಡಿದು, ಓರೆ ಅಂಚಿನ ಗುಂಟ ಗರಗಸ ನಡೆಸಿದರೆ 45 ತಪ್ಪುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದರೂ ಹೆಚ್ಚಿನವರು ಗಮನಿಸದ ಸಂಗತಿ. ಬಹುತೇಕ ಯಂತ್ರಗಳು ಒಂದೇ ಬದಿಗೆ ವಾಲುತ್ತವೆ: ಮೋಟಾರು ಮೇಲೇಳುತ್ತದೆ, ಅಲಗಿನ ಕೆಳತುದಿ ಪಾದದ ಅಗಲವಾದ ಭಾಗದ ಅಡಿಗೆ ಹೋಗುತ್ತದೆ. ಅಂದರೆ ಪಾದದ ಅಗಲ ಭಾಗ ಯಾವ ತುಂಡಿನ ಮೇಲಿರುವುದೋ ಆ ತುಂಡು ಓರೆ ಅಲಗಿನ ಮೇಲೆ ಚಾಚಿಕೊಂಡಿರುತ್ತದೆ. ಅದು ಭದ್ರವಾಗಿ ಬಿಗಿದ ತುಂಡಾಗಿರಬೇಕು. ಬದಲಿಗೆ ಕತ್ತರಿಸಿ ಬೀಳಬೇಕಾದ ತುಂಡಾಗಿದ್ದರೆ, ಕೊಯ್ತ ಮುಗಿಯುವ ಹೊತ್ತಿಗೆ ಅದು ಕುಸಿದು ತಿರುಗುತ್ತಿರುವ ಅಲಗಿನ ಮೇಲೆಯೇ ಕೂರುತ್ತದೆ. ಅಲಗು ಸಿಕ್ಕಿಹಾಕಿಕೊಳ್ಳುತ್ತದೆ, ಮೋಟಾರಿನ ಬಲವೆಲ್ಲ ಯಂತ್ರವನ್ನು ಹಿಂದಕ್ಕೆ, ಹಿಡಿದವನ ತೊಡೆಯತ್ತ ಎಸೆಯುವುದಕ್ಕೆ ವ್ಯಯವಾಗುತ್ತದೆ. ಬಡಗಿಗಳು 'ಕಿಕ್ ಹೊಡೆಯಿತು' ಎನ್ನುವುದು ಇದನ್ನೇ. ಎದುರು ದಿಕ್ಕಿನ ಓರೆ ಬೇಕಾದಾಗ ಯಂತ್ರವನ್ನು ತಿರುಚಿ ಹಿಡಿಯುವುದಲ್ಲ, ಹಲಗೆಯನ್ನು ಮಗುಚುವುದು ಅಥವಾ ಇನ್ನೊಂದು ತುದಿಯಿಂದ ಕೊಯ್ಯುವುದು ಸರಿಯಾದ ಕ್ರಮ.

ಹಲಗೆಯನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ನಡುವೆ ಕೊಯ್ಯುವ ಪದ್ಧತಿಯೂ ಇದೇ ಅಪಾಯವನ್ನು ಆಹ್ವಾನಿಸುತ್ತದೆ. ಮರ ನಡುವೆ ಬಾಗಿ ಸೀಳು ಮುಚ್ಚಿಕೊಳ್ಳುತ್ತದೆ. ಯಂತ್ರ ಸಿಕ್ಕಿಕೊಂಡಾಗ ಗುಂಡಿ ಬಿಟ್ಟು, ಅಲಗು ಪೂರ್ತಿ ನಿಂತ ಮೇಲಷ್ಟೇ ಹೊರತೆಗೆಯಬೇಕು; ತಿರುಗುತ್ತಿರುವಾಗ ಹಿಂದಕ್ಕೆಳೆದರೆ ಅದು ಸೀಳಿನಿಂದ ಮೇಲೆ ಹತ್ತುತ್ತದೆ. ಕೊಯ್ಯುವವನು ಯಂತ್ರದ ನೇರ ಹಿಂದೆ ನಿಲ್ಲದೆ ತುಸು ಬದಿಗೆ ನಿಲ್ಲಬೇಕು ಎನ್ನುವುದೂ ಈ ಕಾರಣಕ್ಕೆ.

ಇನ್ನು ಅಂದದ ವಿಚಾರ. ಚಕ್ರಗರಗಸದ ಹಲ್ಲುಗಳು ಮುಂಭಾಗದಲ್ಲಿ ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತವೆ. ಆದ್ದರಿಂದ ಹಲಗೆಯ ಮೇಲ್ಮುಖವೇ ಸಿಬಿರೇಳುವುದು. ಕಾಣಬೇಕಾದ ಮುಖವನ್ನು ಕೆಳಗೆ ಮಾಡಿ, ಬೆನ್ನ ಮೇಲೆ ಗೆರೆ ಎಳೆಯಬೇಕು. ಲ್ಯಾಮಿನೇಟ್ ಅಂಟಿಸಿದ ಪ್ಲೈವುಡ್‌ಗೆ ಇದು ಕಡ್ಡಾಯ. ಆದರೆ ಹಲಗೆಯನ್ನು ಬೋರಲು ಹಾಕಿದೊಡನೆ ಎಡ ಬಲವಾಗುತ್ತದೆ. ಮೈಟರ್‌ನ ಓರೆ ತಪ್ಪು ದಿಕ್ಕಿಗೆ ಹೋಗಿ ದುಬಾರಿ ಪಟ್ಟಿ ಹಾಳಾಗುವ ಪ್ರಸಂಗಗಳಲ್ಲಿ ಹೆಚ್ಚಿನವು ಹೀಗೆ ಆಗುವಂಥವು. ಬೀಳಬೇಕಾದ ಭಾಗದ ಮೇಲೆ ಪೆನ್ಸಿಲಿನಿಂದ ದೊಡ್ಡದಾಗಿ ಕಾಟು ಹಾಕಿಕೊಂಡರೆ ಈ ನಷ್ಟ ತಪ್ಪುತ್ತದೆ. ದಪ್ಪ ಮರಕ್ಕೆ 24 ಹಲ್ಲಿನ ಅಲಗು ಸಾಕು, ಅಂಚುಪಟ್ಟಿಗೆ 40, ಪ್ಲೈವುಡ್‌ಗೆ 60 ಹಲ್ಲಿನದು ಒಳ್ಳೆಯದು.

ಕಟ್ಟಿಹಾಕಿದ ಕವಚ

ಅಲಗಿನ ಕೆಳಕವಚ ನೇರ ಕೊಯ್ತದಲ್ಲಿ ಹಲಗೆಯ ಅಂಚು ತಾಗಿದೊಡನೆ ತಾನೇ ಹಿಂದೆ ಸರಿಯುತ್ತದೆ. ಓರೆ ಕೊಯ್ತದಲ್ಲಿ ಹಾಗಲ್ಲ. ವಾಲಿದ ಕವಚ ಹಲಗೆಯ ಅಂಚಿಗೆ ಚೂಪಾಗಿ ತಾಗಿ ಸಿಕ್ಕಿಕೊಳ್ಳುತ್ತದೆ. ಯಂತ್ರ ಮುಂದೆ ಸಾಗದು. ತಳ್ಳಿದರೆ ಅಲಗು ಗೆರೆ ತಪ್ಪಿ ಹಾರುತ್ತದೆ. ತುದಿಯಿಂದ ತೆಳ್ಳನೆಯ ಚಕ್ಕೆಯೊಂದನ್ನು ಓರೆಯಾಗಿ ತೆಗೆಯುವಾಗಲಂತೂ ಈ ಕಾಟ ಖಚಿತ. ಇದಕ್ಕೆಂದೇ ಕವಚಕ್ಕೆ ಪುಟ್ಟ ಹಿಡಿಕೆಯೊಂದನ್ನು ಕೊಟ್ಟಿರುತ್ತಾರೆ. ಪಾದವನ್ನು ಹಲಗೆಯ ಮೇಲೆ ಕೂರಿಸಿ, ಹಿಡಿಕೆಯಿಂದ ಕವಚವನ್ನು ಎತ್ತಿ, ಅಲಗು ಮರಕ್ಕೆ ತಾಗದಂತೆ ಇಟ್ಟುಕೊಂಡು ಗುಂಡಿ ಒತ್ತಬೇಕು. ಪೂರ್ತಿ ವೇಗ ಬಂದ ಮೇಲೆ ಮುಂದೆ ಸಾಗಿ, ಅಲಗು ಮರದೊಳಕ್ಕೆ ಇಳಿದೊಡನೆ ಹಿಡಿಕೆಯನ್ನು ಬಿಟ್ಟು ಆ ಕೈಯನ್ನು ಮುಂದಿನ ಹಿಡಿಗೆ ತರಬೇಕು.

ನಡೆಯುವುದು ಬೇರೆ. ಪ್ರತಿ ಸಲ ಕವಚ ಎತ್ತುವ ರಗಳೆ ಏಕೆಂದು ಅದನ್ನು ತಂತಿಯಿಂದ ಕಟ್ಟಿ ಅಥವಾ ಮರದ ಚಕ್ಕೆ ತುರುಕಿ ಶಾಶ್ವತವಾಗಿ ತೆರೆದಿಡಲಾಗುತ್ತದೆ. ಅಮೆರಿಕದ ವೃತ್ತಿ ಸುರಕ್ಷತಾ ನಿಯಮಗಳ ಪ್ರಕಾರ, 2 ಅಂಗುಲಕ್ಕಿಂತ ಹೆಚ್ಚು ವ್ಯಾಸದ ಅಲಗುಳ್ಳ ಕೈ ಚಕ್ರಗರಗಸಕ್ಕೆ ಪಾದದ ಮೇಲೂ ಕೆಳಗೂ ಕವಚವಿರಬೇಕು, ಕೆಳಗಿನದು ಅಲಗು ಮರದಿಂದ ಹೊರಬಂದೊಡನೆ ತಾನಾಗಿ ಮುಚ್ಚಿಕೊಳ್ಳಬೇಕು. ಗುಂಡಿ ಬಿಟ್ಟ ಮೇಲೂ ಅಲಗು ಕೆಲವು ಸೆಕೆಂಡು ತಿರುಗುತ್ತಿರುತ್ತದೆ ಎಂಬುದೇ ಇದರ ತಿರುಳು. ಕವಚ ಕಟ್ಟಿದ ಯಂತ್ರವನ್ನು ಅಭ್ಯಾಸಬಲದಿಂದ ನೆಲಕ್ಕಿಟ್ಟರೆ ಅದು ತನ್ನ ಹಲ್ಲುಗಳ ಮೇಲೆ ಓಡುತ್ತದೆ, ಕಾಲ ಬಳಿಗೂ ಬರುತ್ತದೆ.

ನಾಲ್ಕು ಅಂಗುಲದ ಅಪಾಯ

ನಮ್ಮಲ್ಲಿ ಇದಕ್ಕಿಂತ ದೊಡ್ಡ ಸಮಸ್ಯೆಯೊಂದಿದೆ. ಅಪಾರ್ಟ್‌ಮೆಂಟುಗಳ ಒಳಾಂಗಣ ಕೆಲಸದಲ್ಲಿ ಬಡಗಿಯ ಕೈಯಲ್ಲಿ ಕಾಣುವ ಯಂತ್ರ ಅನೇಕ ವೇಳೆ ಚಕ್ರಗರಗಸವೇ ಅಲ್ಲ. ಅದು ಅಮೃತಶಿಲೆ, ಟೈಲ್ಸ್ ಕೊಯ್ಯಲು ತಯಾರಾದ ನಾಲ್ಕು ಅಂಗುಲದ ಮಾರ್ಬಲ್ ಕಟರ್. ಕಲ್ಲಿನ ತಟ್ಟೆಯನ್ನು ತೆಗೆದು ಮರದ ಹಲ್ಲಿನ ಅಲಗನ್ನು ಹಾಕಿಕೊಂಡು ಪ್ಲೈವುಡ್ ಕೊಯ್ಯುವುದು ಸರ್ವೇಸಾಮಾನ್ಯ ದೃಶ್ಯ. ಹಗುರ, ಅಗ್ಗ, ಒಂದೇ ಕೈಯಲ್ಲಿ ಹಿಡಿಯಬಹುದು ಎಂಬ ಸಮರ್ಥನೆಗಳಿವೆ. ದಿನಗೂಲಿಯ ಲೆಕ್ಕದಲ್ಲಿ ಬದುಕುವವನಿಗೆ ಎರಡು ಯಂತ್ರ ಕೊಳ್ಳುವುದು ಹೊರೆ ಎಂಬುದೂ ನಿಜವೇ.

ಆದರೆ ಕಲ್ಲಿನ ತಟ್ಟೆ ಉಜ್ಜಿ ಕೊರೆಯುತ್ತದೆ, ಹಲ್ಲಿನ ಅಲಗು ಕಚ್ಚಿ ಎಳೆಯುತ್ತದೆ. ಉಜ್ಜುವ ಕೆಲಸಕ್ಕೆಂದು ರೂಪುಗೊಂಡ ಈ ಯಂತ್ರದಲ್ಲಿ ತಾನೇ ಮುಚ್ಚಿಕೊಳ್ಳುವ ಕೆಳಕವಚವಿಲ್ಲ. ವೇಗವೂ ವಿಪರೀತ. 110 ಮಿ.ಮೀ. ಅಲಗು ನಿಮಿಷಕ್ಕೆ 12,000 ಸುತ್ತು ತಿರುಗುವಾಗ ಅಂಚಿನ ವೇಗ ಗಂಟೆಗೆ ಸುಮಾರು 250 ಕಿ.ಮೀ.; ಗಾತ್ರದಲ್ಲಿ ಚಿಕ್ಕದಾದರೂ ದೊಡ್ಡ ಗರಗಸಕ್ಕಿಂತ ಕಾಲುಭಾಗಕ್ಕೂ ಹೆಚ್ಚು. ಅಲಗಿನ ಮೇಲೆ ಅಚ್ಚೊತ್ತಿದ ಗರಿಷ್ಠ ಸುತ್ತಿನ ಸಂಖ್ಯೆಯನ್ನು ಯಂತ್ರದ ಸಂಖ್ಯೆಯೊಡನೆ ಹೋಲಿಸಿ ನೋಡುವವರು ವಿರಳ. ಇಂಥ ಯಂತ್ರವನ್ನು ವಾಲಿಸಿ, ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಅಥವಾ ಬರಿಗಾಲಿನಲ್ಲಿ ಹಲಗೆಯನ್ನು ಒತ್ತಿಕೊಂಡು ಓರೆ ಕೊಯ್ಯುವಾಗ ಮೇಲೆ ಹೇಳಿದ ಕಿಕ್ ಬಂದರೆ ನಡುವೆ ತಡೆಯಲು ಏನೂ ಇರುವುದಿಲ್ಲ.

1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆ ತನ್ನ ಮೊದಲ ಅನುಸೂಚಿಯಲ್ಲಿ ಬೆರಳುಗಳಿಗೂ ಬೆಲೆ ಕಟ್ಟಿತ್ತು: ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30ರಷ್ಟು ನಷ್ಟ, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ. 50. ಉಳಿ ಹಿಡಿಯಲಾರದ ಬಡಗಿಯ ನಷ್ಟ ಈ ಶೇಕಡಾವಾರಿಗೆ ನಿಲುಕುವುದೇ ಎಂಬುದು ಬೇರೆಯೇ ಪ್ರಶ್ನೆ. ಗುತ್ತಿಗೆದಾರನ ಗುತ್ತಿಗೆದಾರನ ಕೈಕೆಳಗೆ ದುಡಿಯುವವನಿಗೆ ಪರಿಹಾರ ಕೇಳಬೇಕಾದುದು ಯಾರನ್ನು ಎಂಬುದೇ ಹಲವೊಮ್ಮೆ ತಿಳಿದಿರುವುದಿಲ್ಲ.

ಅವಘಡ ನಡೆದೇ ಬಿಟ್ಟರೆ ಮಾಡಬೇಕಾದುದು ಮನೆಯವರಿಗೂ ಗೊತ್ತಿರಬೇಕು. ಗಾಯವನ್ನು ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿಸಬೇಕು. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುಚಿಯಾದ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯಿರುವ ನೀರಿನಲ್ಲಿ ಇಡಬೇಕು. ಬೆರಳನ್ನು ನೇರವಾಗಿ ಮಂಜುಗಡ್ಡೆಯಲ್ಲಿ ಹುದುಗಿಸಿದರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ, ಜೋಡಿಸಲು ಬರುವುದಿಲ್ಲ. ಸೂಕ್ಷ್ಮ ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ಆಸ್ಪತ್ರೆಯನ್ನು ಕೆಲವೇ ಗಂಟೆಗಳೊಳಗೆ ತಲುಪಬೇಕು.

ಸಡಿಲ ಕೈಗವಸು, ಹೆಗಲ ಮೇಲಿನ ಟವೆಲು, ಜೋತುಬಿದ್ದ ತೋಳು ಯಾವುದೂ ತಿರುಗುವ ಅಲಗಿನ ಬಳಿ ಸಲ್ಲ. ಕನ್ನಡಕ ಬೇಕು, ಕಿವಿಗೆ ರಕ್ಷಣೆ ಬೇಕು. ಮೂಗಿಗೆ ಮುಸುಕೂ ಬೇಕು. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಎಲ್ಲ ಬಿರುಕೂ ಬಡಗಿಯದಲ್ಲ

ಮತ್ತೆ ಬಾಗಿಲ ಮೂಲೆಗೆ ಬರುವುದಾದರೆ, ಅಲ್ಲಿನ ಬಿರುಕು ಕೊಯ್ತದ ತಪ್ಪೇ, ಋತುಮಾನದ್ದೇ ಎಂದು ತಿಳಿಯಲು ಒಂದು ಗುರುತು ಇದೆ. ಜೋಡಿಸಿದ ದಿನವೇ ಇದ್ದ ಬಿರುಕು ಕೊಯ್ತದ್ದು. ಕೆಲವು ತಿಂಗಳ ನಂತರ ಒಳಮೂಲೆಯಲ್ಲಿ ಕಾಣಿಸಿಕೊಂಡು, ಹೊರಮೂಲೆ ಬಿಗಿಯಾಗಿಯೇ ಇದ್ದರೆ ಅದು ಮರದ್ದು. ಗಟ್ಟಿಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಬಹುತೇಕ ಕುಗ್ಗುವುದೇ ಇಲ್ಲ. ಅಗಲ ಮಾತ್ರ ಕಡಿಮೆಯಾದಾಗ 45ಕ್ಕೆ ಕೊಯ್ದ ಓರೆ 45 ಆಗಿ ಉಳಿಯುವುದಿಲ್ಲ; ಹೊರತುದಿಯ ಕೋನ ಸ್ವಲ್ಪ ಕಿರಿದಾಗಿ ಒಳತುದಿ ಬಾಯಿಬಿಡುತ್ತದೆ. ಪಟ್ಟಿ ಅಗಲವಾದಷ್ಟೂ ಬಿರುಕು ದೊಡ್ಡದು. ಮಳೆಗಾಲದಲ್ಲಿ ಕರಾವಳಿಯಲ್ಲಿ ಕೊಯ್ದು ಕೂಡಿಸಿದ ಚೌಕಟ್ಟು ಕಲಬುರಗಿ, ರಾಯಚೂರಿನ ಬೇಸಿಗೆಯನ್ನು ಕಂಡರೆ ಎಷ್ಟು ನಿಖರವಾದ ಕೊಯ್ತವೂ ತೆರೆದುಕೊಳ್ಳುವುದು ಇದರಿಂದಲೇ. ಮರ ಚೆನ್ನಾಗಿ ಒಣಗಿದ್ದರೆ ಮತ್ತು ಕೊಯ್ಯುವ ಮುನ್ನ ಕೆಲವು ದಿನ ಅದೇ ಮನೆಯೊಳಗೆ ಇರಿಸಿದ್ದರೆ ಈ ತೊಂದರೆ ಕಡಿಮೆ. ಪ್ಲೈವುಡ್‌ನಲ್ಲಿ ಪದರಗಳು ಒಂದಕ್ಕೊಂದು ಅಡ್ಡಲಾಗಿರುವುದರಿಂದ ಇಷ್ಟು ಕುಗ್ಗುವಿಕೆಯಿಲ್ಲ.

ಏಪ್ರಿಲ್‌ನಲ್ಲಿ ತೆರೆದುಕೊಂಡ ಇಂಥ ಒಳಮೂಲೆಗೆ ಅವಸರದಿಂದ ಗಟ್ಟಿ ಪುಟ್ಟಿ ತುಂಬಿಸುವವರಿದ್ದಾರೆ. ಜುಲೈನಲ್ಲಿ ಪಟ್ಟಿ ಮತ್ತೆ ಉಬ್ಬಿದಾಗ ಒಳತುದಿಗೆ ಜಾಗವಿರುವುದಿಲ್ಲ. ಆಗ ಅದುವರೆಗೆ ಬಿಗಿಯಾಗಿದ್ದ ಹೊರಮೂಲೆ ಬಿರಿಯುತ್ತದೆ, ಬಡಗಿಗೆ ಮತ್ತೊಮ್ಮೆ ಕರೆ ಹೋಗುತ್ತದೆ.